ಮಕ್ಕಳ ಕೃತಿ, ಹಿರಿಯರ ನುಡಿ

ಮಕ್ಕಳ ಸಾಹಿತ್ಯವು ಪ್ರೌಢ ಸಾಹಿತ್ಯಕ್ಕೆ ಏರಲು ಇರಿಸಿದ ಮೊದಲ ಮೆಟ್ಟಿಲು ಮಾತ್ರವೆಂಬ ಎಣಿಕೆ ನಮ್ಮ ವಿಮರ್ಶೆಯಲ್ಲಿ ಬೇರೂರಿದೆ. ಕುವೆಂಪು ಅವರ ಎರಡು ಕೃತಿಗಳನ್ನು ಎದುರುಬದುರಾಗಿ ಇರಿಸಿ ನೋಡಿದರೆ ಈ ಎಣಿಕೆ ನಿಲ್ಲಲಾರದು.

ಇಂಗ್ಲಿಷ್ ಕವಿ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಕಥನಕವನವೊಂದನ್ನು ಕುವೆಂಪು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಾಗಿ ಕನ್ನಡದ ನೆಲಕ್ಕೆ ಒಗ್ಗಿಸಿದರು. ಇಲಿಗಳ ಕಾಟವನ್ನು ಕಳೆದ ಜೋಗಿಗೆ ಊರಗೌಡನು ಒಪ್ಪಿದ ಹಣವನ್ನು ಕೊಡುವುದಿಲ್ಲ. ಜೋಗಿ ಮತ್ತೆ ಕಿಂದರಿ ನುಡಿಸುತ್ತಾನೆ; ಊರ ಮಕ್ಕಳು ಅವನ ಬೆನ್ನು ಹಿಡಿದು ಹೊರಟುಹೋಗುತ್ತಾರೆ. ಇನ್ನೊಂದು ಕೃತಿ, 1967ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಗೆ ಪಾತ್ರವಾದ ‘ಶ್ರೀ ರಾಮಾಯಣ ದರ್ಶನಂ’. ಅಲ್ಲಿ ದಶರಥನು ಕೊಟ್ಟ ಮಾತಿಗೆ ಕಟ್ಟುಬೀಳುತ್ತಾನೆ. ಮಗನು ಕಾಡಿಗೆ ನಡೆಯುತ್ತಾನೆ. ಮಾತಿಗೆ ತಪ್ಪಿದರೂ, ಮಾತನ್ನು ಉಳಿಸಿಕೊಂಡರೂ, ಹಿರಿಯರ ನುಡಿಯ ಭಾರವನ್ನು ಹೊರುವವರು ಮಕ್ಕಳೇ.

ಆದುದರಿಂದ ವಸ್ತುವಿನ ಗಾಂಭೀರ್ಯದಲ್ಲಿ ಇಲ್ಲಿ ಮೇಲುಕೀಳಿಲ್ಲ, ಭೇದವಿರುವುದು ನಿರೂಪಣೆಯಲ್ಲಿ. ಮಹಾಕಾವ್ಯವು ದಶರಥನ ಅಂತರಂಗದ ಸಂಕಟವನ್ನು ಮಹಾಛಂದಸ್ಸಿನಲ್ಲಿ ವಿಸ್ತರಿಸುತ್ತದೆ. ಮಕ್ಕಳ ಕವನವು ವ್ಯಾಖ್ಯಾನಕ್ಕೆ ನಿಲ್ಲದೆ, ಕುಣಿಯುವ ಲಯದಲ್ಲಿ ಘಟನೆಯನ್ನಷ್ಟೇ ಮುಂದಿಡುತ್ತದೆ. ಕೇಳುವ ಮಗು ಇಲಿಗಳ ಸಾಲಿಗೆ ನಗುತ್ತದೆ; ಓದಿಹೇಳುವ ಹಿರಿಯನ ಕಣ್ಣಿಗೆ ಮಕ್ಕಳಿಲ್ಲದೆ ಬರಿದಾದ ಬೀದಿ ಕಟ್ಟುತ್ತದೆ. ಸರಳತೆಯು ಅರ್ಥದ ಬಡತನವಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಇಂತಹ ಕೃತಿಯನ್ನು ಕಿರಿದೆಂದು ಬದಿಗಿಡುವ ವಿಮರ್ಶಕನು, ಅಲ್ಲಿ ತಕ್ಕಡಿಗೆ ಏರಿರುವುದು ಹಿರಿಯನಾದ ತನ್ನ ನಡೆನುಡಿಯೇ ಎಂಬುದನ್ನು ಮರೆತಿರುತ್ತಾನೆ.