ಮರುಚಾಲನೆಯೇ ಮದ್ದೇ? – ಒಂದು ಪ್ರಸಿದ್ಧ ವರದಿಯ ಮರುಓದು

ಕಚೇರಿಯ ಸರ್ವರ್ ವಾರಕ್ಕೊಮ್ಮೆ ಕೈಕೊಡುತ್ತದೆ. ನೋಡಿಕೊಳ್ಳುವವರು ಬಂದು ರೀಸ್ಟಾರ್ಟ್ ಮಾಡುತ್ತಾರೆ. ಯಂತ್ರ ಮತ್ತೆ ಓಡುತ್ತದೆ. ‘ಸರಿಹೋಯಿತು’ ಎಂದು ದಾಖಲಾಗುತ್ತದೆ. ಮುಂದಿನ ವಾರ ಅದೇ ಕಥೆ. ಈ ರೂಢಿಗೆ ತಾತ್ತ್ವಿಕ ಆಧಾರ ಹುಡುಕಹೊರಟರೆ ನಾವು ತಲಪುವುದು ಟ್ಯಾಂಡೆಮ್ ಕಂಪ್ಯೂಟರ್ಸ್ ಸಂಸ್ಥೆಯಲ್ಲಿದ್ದ ಜಿಮ್ ಗ್ರೇ 1985ರಲ್ಲಿ ಬರೆದ ತಾಂತ್ರಿಕ ವರದಿಗೆ. ಗಣಕಗಳು ಏಕೆ ನಿಲ್ಲುತ್ತವೆ, ಅದಕ್ಕೇನು ಮಾಡಬಹುದು ಎಂಬುದೇ ಅದರ ಪ್ರಶ್ನೆ. ಗ್ರೇ ಅವರಿಗೆ 1998ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂದಿತು. ವರದಿ ಇಂದಿಗೂ ಓದಲರ್ಹ. ಆದರೆ ಅದನ್ನು ಎಚ್ಚರದಿಂದ ಓದಬೇಕು.

ವರದಿಯ ಹೆಗ್ಗಳಿಕೆ ಅದರ ಲೆಕ್ಕ. 2,000ಕ್ಕೂ ಹೆಚ್ಚು ಯಂತ್ರಗಳು, ಏಳು ತಿಂಗಳು, 166 ನಿಲುಗಡೆಗಳು. ಇವುಗಳಲ್ಲಿ 59 ಹೊಸ ಯಂತ್ರ ಅಥವಾ ಹೊಸ ತಂತ್ರಾಂಶದ ಬಾಲಾರಿಷ್ಟಗಳು. ಉಳಿದವುಗಳಲ್ಲಿ ಶೇ. 42 ನಿರ್ವಹಣೆಯ ತಪ್ಪುಗಳು, ಶೇ. 25 ತಂತ್ರಾಂಶದವು, ಶೇ. 18 ಯಂತ್ರಾಂಶದವು, ಶೇ. 14 ವಿದ್ಯುತ್ತು ಮುಂತಾದ ಪರಿಸರದವು. ಕುಸಿತವೆಂದರೆ ಯಂತ್ರ ಕೆಟ್ಟಿತು ಎಂದುಕೊಳ್ಳುತ್ತಿದ್ದ ಕಾಲದಲ್ಲಿ, ಮನುಷ್ಯನ ಕೈತಪ್ಪೇ ದೊಡ್ಡ ಕಾರಣವೆಂದು ಅಂಕಿಗಳಿಂದ ತೋರಿಸಿದ್ದು ಸಣ್ಣ ಸಾಧನೆಯಲ್ಲ. ಇವು ಕಂಪೆನಿಗೆ ವರದಿಯಾದ ನಿಲುಗಡೆಗಳು ಮಾತ್ರ ಎಂಬುದನ್ನು ನಾವು ಮರೆಯಬಾರದು. ತನ್ನದೇ ತಪ್ಪನ್ನು ವರದಿಮಾಡಲು ಯಾರಿಗೂ ಉತ್ಸಾಹವಿರುವುದಿಲ್ಲ. ಹಾಗಾಗಿ ಶೇ. 42 ಎಂಬುದು ಕಡಿಮೆ ಅಂದಾಜೇ ಇರಬಹುದು.

ತಕರಾರು ಇರುವುದು ವರದಿಯ ಎರಡನೆಯ ಭಾಗದಲ್ಲಿ. ಗ್ರೇ ತಂತ್ರಾಂಶದ ದೋಷಗಳನ್ನು ಎರಡು ಜಾತಿ ಮಾಡುತ್ತಾರೆ. ಬೋರ್ ಅವರ ಪರಮಾಣುವಿನಂತೆ ಗಟ್ಟಿಯಾಗಿ, ಪ್ರತಿಸಲವೂ ಕಾಣಿಸಿಕೊಳ್ಳುವವು ‘ಬೋರ್‌ಬಗ್’. ಹುಡುಕಲು ಹೋದರೆ ಮಾಯವಾಗುವವು, ಹೈಸನ್‌ಬರ್ಗ್ ಹೆಸರಿನ ‘ಹೈಸನ್‌ಬಗ್’. ಮುದ್ರಣ ಸರದಿಯನ್ನು ನೋಡಿಕೊಳ್ಳುವ ಒಂದು ತಂತ್ರಾಂಶದ 132 ದೋಷಗಳಲ್ಲಿ 131 ಎರಡನೆಯ ಜಾತಿಯವು, ಆದ್ದರಿಂದ ಕೆಲಸವನ್ನು ಮತ್ತೊಮ್ಮೆ ನಡೆಸಿದರೆ ಬಹುಪಾಲು ದೋಷಗಳು ದಾಟಿಹೋಗುತ್ತವೆ ಎಂಬುದು ಅವರ ವಾದ. ಸೇವೆ ನಿಲ್ಲದಂತೆ ನೋಡಿಕೊಳ್ಳಲು ಇದು ಉತ್ತಮ ಉಪಾಯ. ಜೋಡಿ ಪ್ರಕ್ರಿಯೆಗಳ ಅವರ ವಿನ್ಯಾಸ ನಿಂತಿರುವುದೇ ಇದರ ಮೇಲೆ. ಆದರೆ ಒಂದೇ ತಂತ್ರಾಂಶದ, ಅದೂ ಪರೀಕ್ಷೆಯ ಜರಡಿಯಲ್ಲಿ ಬೋರ್‌ಬಗ್‌ಗಳು ಆಗಲೇ ಸೋಸಿಹೋಗಿದ್ದ ತಂತ್ರಾಂಶದ ಲೆಕ್ಕವನ್ನು ಎಲ್ಲ ಸರ್ವರ್‌ಗಳಿಗೂ ಹಿಗ್ಗಿಸುವುದು ಸರಿಯಲ್ಲ.

ಇನ್ನೂ ಮುಖ್ಯವಾದುದು ಹೆಸರು ಮೂಡಿಸುವ ಭ್ರಮೆ. ಹೈಸನ್‌ಬರ್ಗ್ ಎಂದೊಡನೆ ದೋಷವೇ ಅನಿಶ್ಚಿತ ಎನಿಸಿಬಿಡುತ್ತದೆ. ಮರುಚಾಲನೆಯಿಂದ ಮಾಯವಾಗುವ ಎಷ್ಟೋ ದೋಷಗಳಲ್ಲಿ ಅನಿಶ್ಚಿತತೆ ಎಳ್ಳಷ್ಟೂ ಇರುವುದಿಲ್ಲ. ಕುಸಿತವಲ್ಲದಿದ್ದರೂ ಇದನ್ನು ಚೆನ್ನಾಗಿ ತಿಳಿಸುವ ಘಟನೆ 1991ರ ಫೆಬ್ರುವರಿ 25ರದು. ಸೌದಿ ಅರೇಬಿಯದ ದಹರಾನ್‌ನಲ್ಲಿದ್ದ ಪೇಟ್ರಿಯಟ್ ರಕ್ಷಣಾ ವ್ಯವಸ್ಥೆ 100 ಗಂಟೆಗಳಿಗೂ ಹೆಚ್ಚು ಕಾಲ ಸತತವಾಗಿ ಓಡಿತ್ತು. ಸೆಕೆಂಡಿನ ಹತ್ತನೇ ಒಂದು ಭಾಗವನ್ನು 24 ಬಿಟ್‌ಗಳಲ್ಲಿ ಕತ್ತರಿಸಿ ಬರೆದುದರಿಂದಾದ ತಪ್ಪು ಅಷ್ಟರಲ್ಲಿ 0.34 ಸೆಕೆಂಡಿಗೆ ಬೆಳೆದಿತ್ತು. ಅಷ್ಟು ಹೊತ್ತಿನಲ್ಲಿ ಸ್ಕಡ್ ಕ್ಷಿಪಣಿ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಸಾಗುತ್ತದೆ. ವ್ಯವಸ್ಥೆ ಅದನ್ನು ತಡೆಯಲಿಲ್ಲ. 28 ಸೈನಿಕರು ಸತ್ತರು. ಬಹಳ ಹೊತ್ತು ಓಡಿಸಿದರೆ ತೊಂದರೆಯಾದೀತು ಎಂಬ ಸೂಚನೆ ಬಳಕೆದಾರರಿಗೆ ಮೊದಲೇ ಹೋಗಿತ್ತು. ಬಹಳ ಹೊತ್ತೆಂದರೆ ಎಷ್ಟು ಎಂದು ಅದರಲ್ಲಿ ಹೇಳಿರಲಿಲ್ಲ. ಲೆಕ್ಕ ಹಾಕಿದ್ದರೆ ಸುಮಾರು 20 ಗಂಟೆ ಎಂದು ಸಿಗುತ್ತಿತ್ತು. ಸರಿಪಡಿಸಿದ ತಂತ್ರಾಂಶ ಅಲ್ಲಿಗೆ ತಲಪಿದ್ದು ಮರುದಿನ.

ಗ್ರೇ ಅವರ ಎರಡು ಜಾತಿಗಳಲ್ಲಿ ಈ ದೋಷ ಯಾವುದಕ್ಕೆ ಸೇರುತ್ತದೆ? ಮರುಚಾಲನೆಯಿಂದ ಹೋಗುವುದರಿಂದ ಎರಡನೆಯದಕ್ಕೆ. ಗಡಿಯಾರದಷ್ಟು ನಿಯತವಾಗಿರುವುದರಿಂದ ಮೊದಲನೆಯದಕ್ಕೆ. ವಿಂಗಡಣೆಯೇ ಇಲ್ಲಿ ಸೋಲುತ್ತದೆ. ಮುಂದೆ 2007ರಲ್ಲಿ ಗ್ರಾಟ್ಕೆ ಮತ್ತು ತ್ರಿವೇದಿ ‘ವಯಸ್ಸಾಗುವ’ ದೋಷಗಳಿಗೆ ಬೇರೆಯೇ ಸ್ಥಾನ ಕೊಟ್ಟುದು ಈ ಕೊರತೆಯನ್ನು ತುಂಬಿತು. ಬಿಡುಗಡೆಯಾಗದೆ ಸೋರುತ್ತ ಹೋಗುವ ಸ್ಮೃತಿ, ಮುಚ್ಚದೆ ಉಳಿದ ಕಡತಗಳು, ಎಲ್ಲವೂ ಈ ಗುಂಪಿನವೇ.

ಯಂತ್ರಾಂಶದ ಕಡೆಯಿಂದಲೂ ಎಚ್ಚರಿಕೆ ಬಂದಿದೆ. ಗೂಗಲ್‌ನ ಸರ್ವರ್‌ಗಳ ಬಗ್ಗೆ 2009ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ವರ್ಷವೊಂದರಲ್ಲಿ ಶೇ. 8ಕ್ಕೂ ಹೆಚ್ಚು ಸ್ಮೃತಿ ಫಲಕಗಳಲ್ಲಿ ದೋಷ ಕಂಡಿತ್ತು. ಅವುಗಳಲ್ಲಿ ಹೆಚ್ಚಿನವು ಆಕಸ್ಮಿಕ ತಪ್ಪುಗಳಲ್ಲ, ಚಿಪ್ಪಿನಲ್ಲೇ ನೆಲೆಸಿರುವ ದೋಷಗಳು ಎಂಬ ಸೂಚನೆ ಸಿಕ್ಕಿತು. ಅಂಥ ಚಿಪ್ಪಿಗೆ ಮರುಚಾಲನೆ ಮದ್ದಲ್ಲ.

ಹಾಗಾದರೆ ಗ್ರೇ ತಪ್ಪೇ? ಅಲ್ಲ. ಅವರು ಬರೆದದ್ದು ಸೇವೆ ಉಳಿಸುವ ವಿಧಾನ. ನಾವು ಅದನ್ನು ರೋಗನಿರ್ಣಯ ಎಂದು ಓದಿಕೊಂಡೆವು. ಜ್ವರ ಇಳಿದ ಮಾತ್ರಕ್ಕೆ ಕಾಯಿಲೆ ತಿಳಿದಂತಲ್ಲ. ಮರುಚಾಲನೆಗೆ ಮುನ್ನ ಸ್ಮೃತಿಯ ನಕಲನ್ನೂ ದೋಷದ ದಾಖಲೆಯನ್ನೂ ತೆಗೆದಿಡಿ. ಯಂತ್ರ ಎಷ್ಟು ಗಂಟೆ ಓಡಿತ್ತು, ಎಷ್ಟು ಸ್ಮೃತಿ ಬಳಕೆಯಲ್ಲಿತ್ತು ಎಂದು ಬರೆದಿಡಿ. ಕುಸಿತಗಳ ನಡುವಿನ ಅವಧಿ ಹೆಚ್ಚುಕಡಿಮೆ ಒಂದೇ ಆಗಿದ್ದರೆ ಸೋರಿಕೆಯನ್ನು ಶಂಕಿಸಿ. ದೋಷ ಒಂದೇ ಸ್ಮೃತಿ ವಿಳಾಸದಲ್ಲಿ ಮರುಕಳಿಸಿದರೆ ಚಿಪ್ಪನ್ನು. ಯಾರೋ ಏನೋ ಬದಲಿಸಿದ ಮರುದಿನವೇ ಆರಂಭವಾಗಿದ್ದರೆ, ಆ ಶೇ. 42ನ್ನು ನೆನಪಿಸಿಕೊಳ್ಳಿ.