ಒಂದು ಪ್ರೋಟೀನಿನ ಮೇಲೆ ಹೊರಿಸಿದ ಹೊರೆ

ಸೆರೊಟೋನಿನ್ ಸಂತೋಷದ ರಾಸಾಯನಿಕ. ಅದು ಕಡಿಮೆಯಾದರೆ ಖಿನ್ನತೆ ಬರುತ್ತದೆ. ಖಿನ್ನತೆಗೊಂದು ಜೀನ್ ಇದೆ. ಈ ಮೂರು ಮಾತುಗಳನ್ನು ನೀವು ಜನಪ್ರಿಯ ವಿಜ್ಞಾನ ಲೇಖನಗಳಲ್ಲಿ ಓದಿರಬಹುದು, ತರಗತಿಯಲ್ಲಿ ಹೇಳಿಯೂ ಇರಬಹುದು. ನೆನಪಿಡಲು ಸುಲಭವಾದ ಮಾತುಗಳು. ಆದರೆ ಪುರಾವೆಯ ಮುಂದೆ ಇವು ಎಷ್ಟರಮಟ್ಟಿಗೆ ನಿಲ್ಲುತ್ತವೆ? ಪರಿಶೀಲಿಸೋಣ.

ಮೊದಲು ಈ ಕಥೆಯ ಕೇಂದ್ರದಲ್ಲಿರುವ ಪ್ರೋಟೀನಿನ ಪರಿಚಯ. ಒಂದು ನರಕೋಶ ಮತ್ತೊಂದಕ್ಕೆ ಸಂದೇಶ ಕಳಿಸುವಾಗ ಎರಡರ ನಡುವಿನ ಕಿರಿದಾದ ಸಂದಿಯಲ್ಲಿ ಸೆರೊಟೋನಿನ್ ಬಿಡುಗಡೆಯಾಗುತ್ತದೆ. ಅದು ಅಲ್ಲೇ ಉಳಿದರೆ ಸಂದೇಶ ಮುಗಿಯುವುದೇ ಇಲ್ಲ. ಅದನ್ನು ಮರಳಿ ಒಳಕ್ಕೆ ಎಳೆದುಕೊಳ್ಳುವುದು ಕೋಶಪೊರೆಯಲ್ಲಿರುವ ಸೆರೊಟೋನಿನ್ ಸಾಗಣೆ ಪ್ರೋಟೀನು. 630 ಅಮೈನೋ ಆಮ್ಲಗಳ ಈ ಸರಪಳಿ ಪೊರೆಯನ್ನು 12 ಬಾರಿ ಹಾಯುತ್ತದೆ. ಕೋಶದ ಹೊರಗೆ ಹೆಚ್ಚಾಗಿರುವ ಸೋಡಿಯಂ ಅಯಾನುಗಳು ಒಳಕ್ಕೆ ಹರಿಯುವಾಗ ದೊರೆಯುವ ಶಕ್ತಿಯಿಂದ ಅದು ತನ್ನ ಕೆಲಸ ನಡೆಸುತ್ತದೆ. ಖಿನ್ನತೆಗೆ ಕೊಡುವ ಫ್ಲುಆಕ್ಸೆಟಿನ್‌ನಂಥ ಔಷಧಿಗಳು ಇದನ್ನೇ ತಡೆಯುತ್ತವೆ.

ಈಗ ಮೊದಲ ಮಾತು. ನಮ್ಮ ದೇಹದ ಸೆರೊಟೋನಿನ್‌ನಲ್ಲಿ ಶೇ. 90ರಷ್ಟು ಇರುವುದು ಮಿದುಳಿನಲ್ಲಲ್ಲ, ಕರುಳಿನಲ್ಲಿ. ರಕ್ತದ ಕಿರುಬಿಲ್ಲೆಗಳು ಇದೇ ಸಾಗಣೆ ಪ್ರೋಟೀನಿನ ಮೂಲಕ ಸೆರೊಟೋನಿನ್ ತುಂಬಿಕೊಂಡು ರಕ್ತ ಹೆಪ್ಪುಗಟ್ಟುವಾಗ ಹೊರಬಿಡುತ್ತವೆ. ಕರುಳಿನ ಚಲನೆಯಲ್ಲಿ, ಗಾಯದ ಬಾಯಲ್ಲಿ ದುಡಿಯುವ ವಸ್ತುವಿಗೆ 'ಸಂತೋಷ'ದ ಹಣೆಪಟ್ಟಿ ಸರಿಯೇ?

ಎರಡನೆಯ ಮಾತಿನಲ್ಲಿ ತರ್ಕದ ದೋಷವಿದೆ. ಒದ್ದೆ ಬಟ್ಟೆ ಹಾಕಿದಾಗ ಜ್ವರದ ತಾಪ ಇಳಿಯಿತೆಂದು ಒದ್ದೆ ಬಟ್ಟೆಯ ಕೊರತೆಯಿಂದ ಜ್ವರ ಬಂತೆನ್ನುತ್ತೇವೆಯೇ? ಔಷಧಿ ಈ ಪ್ರೋಟೀನನ್ನು ಕೆಲವೇ ಗಂಟೆಗಳಲ್ಲಿ ತಡೆಯುತ್ತದೆ. ರೋಗಿಗೆ ಪೂರ್ಣ ಗುಣ ಕಾಣಲು ವಾರಗಳೇ ಬೇಕು. ಬರೀ ಕೊರತೆಯಾಗಿದ್ದರೆ ಇಷ್ಟು ತಡವೇಕೆ? ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ 2022ರ ವಿಮರ್ಶೆಯೊಂದು ಖಿನ್ನತೆಗೆ ಸೆರೊಟೋನಿನ್ ಕೊರತೆಯೇ ಕಾರಣವೆನ್ನಲು ಸ್ಥಿರವಾದ ಪುರಾವೆ ಸಿಗಲಿಲ್ಲವೆಂದಿತು.

ಮೂರನೆಯ ಮಾತಿನ ಕಥೆ ಉದ್ದ. ಈ ಪ್ರೋಟೀನಿನ ಜೀನ್ 17ನೆಯ ವರ್ಣತಂತುವಿನಲ್ಲಿದೆ. ಜೀನಿನ ನಿಯಂತ್ರಣ ಭಾಗ ಕೆಲವರಲ್ಲಿ ಗಿಡ್ಡ, ಕೆಲವರಲ್ಲಿ ಉದ್ದ. ಗಿಡ್ಡ ರೂಪಕ್ಕೂ ಆತಂಕದ ಸ್ವಭಾವಕ್ಕೂ ನಂಟಿದೆ ಎಂದು 1996ರಲ್ಲಿ ವರದಿಯಾಯಿತು. ಆ ವರದಿಯ ಪ್ರಕಾರವೇ ಜನರ ನಡುವಿನ ವ್ಯತ್ಯಾಸದಲ್ಲಿ ಅದರ ಪಾಲು ಶೇ. 3ರಿಂದ 4 ಮಾತ್ರ! 2003ರಲ್ಲಿ ನ್ಯೂಜಿಲೆಂಡಿನ ಡ್ಯುನೆಡಿನ್‌ನ 847 ಯುವಜನರ ಅಧ್ಯಯನ ಬಂತು. ಬದುಕಿನಲ್ಲಿ ಕಷ್ಟಗಳನ್ನು ಕಂಡವರ ಪೈಕಿ ಗಿಡ್ಡ ರೂಪದವರಲ್ಲಿ ಖಿನ್ನತೆ ಹೆಚ್ಚು ಎಂದು ಅದು ಹೇಳಿತು. ಕಷ್ಟದ ಮಾತನ್ನು ಬಿಟ್ಟು ಜೀನನ್ನು ಮಾತ್ರ ಉಳಿಸಿಕೊಂಡವರು ಅದನ್ನು ಮರಳಿ ಹೇಳಿದ ನಾವು.

ಆದರೆ 2009ರಲ್ಲಿ 14 ಅಧ್ಯಯನಗಳ 14,250 ಜನರ ಮಾಹಿತಿಯನ್ನು ಕೂಡಿಸಿ ನೋಡಿದಾಗ ಆ ನಂಟು ಕಾಣಲಿಲ್ಲ. 2019ರಲ್ಲಿ, ಕೆಲವು ಪರೀಕ್ಷೆಗಳಲ್ಲಿ 4 ಲಕ್ಷಕ್ಕೂ ಮಿಕ್ಕ ಜನರನ್ನು ಒಳಗೊಂಡು, ಇಂಥ 18 ಹೆಸರುವಾಸಿ ಜೀನ್‌ಗಳನ್ನು ಪರೀಕ್ಷಿಸಲಾಯಿತು. ಯಾವುದಕ್ಕೂ ಸ್ಪಷ್ಟ ಬೆಂಬಲ ಸಿಗಲಿಲ್ಲ. ಅನುವಂಶೀಯತೆಗೆ ಪಾತ್ರವೇ ಇಲ್ಲವೆಂದಲ್ಲ. ಅದೇ ವರ್ಷದ ಇನ್ನೊಂದು ಅಧ್ಯಯನ ಖಿನ್ನತೆಗೆ ನಂಟಿರುವ 102 ಜೀನ್ ವ್ಯತ್ಯಾಸಗಳನ್ನು ಗುರುತಿಸಿತು. ಒಂದೊಂದರ ಪರಿಣಾಮವೂ ಅತ್ಯಲ್ಪ.

ಇದು ಕೇವಲ ಪಂಡಿತರ ಜಗಳವಲ್ಲ. ನಿಮ್ಮ ತರಗತಿಯಲ್ಲಿ ಮನಸ್ಸು ಕುಗ್ಗಿದ ವಿದ್ಯಾರ್ಥಿಯೊಬ್ಬ ಕುಳಿತಿರಬಹುದು. 'ಅದು ಜೀನಿನಲ್ಲೇ ಇದೆ' ಎಂಬ ಮಾತು ಅವನ ಆಸೆಯನ್ನೇ ಕಸಿದುಕೊಳ್ಳಬಹುದು. ಇತ್ತ 'ಕೊರತೆಯ ವಾದ ಬಿದ್ದುಹೋಯಿತು' ಎಂದಷ್ಟೇ ಕೇಳಿದವರು ಔಷಧಿಯನ್ನು ಥಟ್ಟನೆ ನಿಲ್ಲಿಸಿ ತೊಂದರೆಗೆ ಸಿಲುಕಬಹುದು. ವಿವರಣೆ ತಪ್ಪಾದ ಮಾತ್ರಕ್ಕೆ ಔಷಧಿ ನಿರುಪಯುಕ್ತವೆಂದಾಗದು. ಬದಲಾವಣೆ ಏನಿದ್ದರೂ ವೈದ್ಯರ ಸಲಹೆಯಂತೆಯೇ ಆಗಬೇಕು.

ಹಾಗಾದರೆ ತರಗತಿಯಲ್ಲಿ ಏನು ಹೇಳಬೇಕು? ಪ್ರೋಟೀನು ಮಾಡುವ ಕೆಲಸವನ್ನು ಹೇಳಿ. ಅದೇ ಸಾಕಷ್ಟು ಸ್ವಾರಸ್ಯವಾಗಿದೆ. 'ಇಂಥದಕ್ಕೆ ಜೀನ್ ಸಿಕ್ಕಿತು' ಎಂಬ ಸುದ್ದಿ ಮುಂದೆ ಬಂದಾಗ ಮೂರು ಪ್ರಶ್ನೆ ಕೇಳಲು ಮಕ್ಕಳಿಗೆ ಕಲಿಸಿ: ಎಷ್ಟು ಜನರನ್ನು ನೋಡಿದರು? ಪರಿಣಾಮ ಎಷ್ಟು ದೊಡ್ಡದು? ಬೇರೆಯವರು ಮತ್ತೆ ಮಾಡಿದಾಗಲೂ ಅದೇ ಫಲಿತಾಂಶ ಬಂತೇ?