ಯಾರ ‘ಏನೂ ಇಲ್ಲ’?

ವಾದ್ಯವಿಲ್ಲ, ತಾಳವಿಲ್ಲ. ಇನ್ನೂ ಕತ್ತಲು. ಕೋಳಿ ಕೂಗುತ್ತೆ. ದೋಣಿಯ ಇಂಜಿನ್ನು ಗುಡುಗುಡು ಅನ್ನುತ್ತೆ. ಕತ್ತೆ ಅರಚುತ್ತೆ. ಹೆಂಗಸರು ಏನೋ ಮಾತಾಡ್ಕೊಂಡು ಹೋಗ್ತಾರೆ. ಹಾಸ್ಟೆಲಿನ ಕೋಣೆಯಲ್ಲಿ ನಾಲ್ಕು ಜನ ಒಂದು ಮೊಬೈಲಿನ ಸುತ್ತ ಕೂತು 21 ನಿಮಿಷ ಇದನ್ನು ಕೇಳಿದೆವು. ಮುಗಿದಾಗ ಒಬ್ಬ ಅಂದ: ‘ನಮ್ಮೂರಲ್ಲಿ ಇದು ದಿನಾ ಬಿಟ್ಟಿ ಕೇಳಲ್ವೇನೋ?’

ನಕ್ಕೆವು. ಆದರೆ ಆ ಮಾತು ಬಿಡಲಿಲ್ಲ.

ಇದು ಫ್ರಾನ್ಸಿನ ಲ್ಯೂಕ್ ಫೆರಾರಿ (1929–2005) ಮಾಡಿದ ಕೃತಿ. ಆಗಿನ ಯುಗೊಸ್ಲಾವಿಯ, ಈಗಿನ ಕ್ರೊಯೇಷಿಯದ ಕೋರ್ಚುಲಾ ದ್ವೀಪದ ವೇಲಾ ಲುಕಾ ಎಂಬ ಮೀನುಗಾರರ ಊರಿನಲ್ಲಿ ಕಿಟಕಿಗೆ ಮೈಕಿಟ್ಟು ಬೆಳಗಿನ ಜಾವದ ಸದ್ದು ಹಿಡಿದ. 1970ರಲ್ಲಿ ಅದು ತಟ್ಟೆಯಾಗಿ ಬಂತು. ಹೆಸರು ಕನ್ನಡದಲ್ಲಿ ಹೇಳೋದಾದ್ರೆ: ‘ಹೆಚ್ಚುಕಮ್ಮಿ ಏನೂ ಇಲ್ಲ, ಅಥವಾ ಕಡಲ ದಂಡೆಯ ಬೆಳಗು’.

ಈತ ಪಿಯೇರ್ ಶೆಫೇರ್ ಜೊತೆ ದುಡಿದವನು. ಶೆಫೇರನ ವಾದ ಏನಂದ್ರೆ, ಸದ್ದನ್ನು ಕೇಳುವಾಗ ಅದು ಎಲ್ಲಿಂದ ಬಂತು ಅನ್ನೋದನ್ನ ಮರೀಬೇಕು. ರೈಲನ್ನು ಬಿಟ್ಟು ರೈಲಿನ ಸದ್ದನ್ನಷ್ಟೇ ಕೇಳಬೇಕು. ಗೆಳೆಯರೇ, ಈ ಪಾಠ ನಮಗೆ ಹೊಸದಲ್ಲ. ಹಲಗೆಯ ಸದ್ದು ಬೇಕು, ಬಡಿಯುವವನು ಗುಡಿಯ ಹೊರಗಿರಬೇಕು. ಚರ್ಮ ಯಾರು ಸುಲಿದರು, ಯಾರು ಹದ ಮಾಡಿದರು, ಕೇಳಬಾರದು. ನಾದಕ್ಕೆ ಮಡಿ ಉಡಿಸುವ ಕೆಲಸ ಇದು. ಫೆರಾರಿ ಈ ಮಡಿ ಮುರಿದ. ಅವನ ಕತ್ತೆ ಕತ್ತೆಯೇ, ದೋಣಿ ದೋಣಿಯೇ. ಇದು ಸಂಗೀತವೇ ಅಲ್ಲ ಅಂತ ಅವನ ಜೊತೆಯವರೇ ಮುಖ ಸಿಂಡರಿಸಿದರಂತೆ. ಅದಕ್ಕಾಗಿ ಅವನನ್ನು ನಾವು ಮೆಚ್ಚುತ್ತೇವೆ.

ಜಗಳ ಇರುವುದು ಹೆಸರಿನ ಜೊತೆ. ಏನೂ ಇಲ್ಲ ಅಂದರೆ ಯಾರಿಗೆ? ಮಲಗಿದ್ದು ಎದ್ದವನ ಕಿವಿಗೆ ಬೆಳಗು ‘ಏನೂ ಇಲ್ಲ’. ಕತ್ತಲಲ್ಲೇ ಎದ್ದು ದೋಣಿಯ ಇಂಜಿನ್ನು ಹಚ್ಚಿದವನಿಗೆ ಅದು ಅರ್ಧ ದಿನದ ದುಡಿಮೆ. ನಮ್ಮವ್ವಂದಿರನ್ನ ಕೇಳಿ, ಹೊತ್ತು ಹುಟ್ಟೋದರೊಳಗೆ ಏನೇನಾಗಿರುತ್ತೆ ಅಂತ.

‘ನಾನೇನೂ ಮಾಡಿಲ್ಲ, ಇದ್ದದ್ದನ್ನು ಇಟ್ಟೆ’ ಅನ್ನುವ ವಿನಯ ಆ ಹೆಸರಿನಲ್ಲಿದೆ ಅನ್ನಬಹುದು. ಅದೂ ಪೂರ್ತಿ ನಿಜವಲ್ಲ. ಹಲವು ದಿನದ ಬೆಳಗುಗಳನ್ನು ಕತ್ತರಿಸಿ, ಹೊಲಿದು, ಹೊಲಿಗೆ ಕಾಣದಂತೆ ಒಂದೇ ಬೆಳಗು ಮಾಡಿದ್ದಾನೆ. ಅದ್ಭುತವಾಗಿಯೇ ಮಾಡಿದ್ದಾನೆ ಅನ್ನಿ. ಹೊಲಿಗೆ ಎಲ್ಲಿದೆ ಅಂತ ಮೂರು ಸಲ ಹುಡುಕಿ ಸೋತೆವು. ಕೊನೆಗೆ ಜೀರುಂಡೆಗಳ ಚೀರಾಟ ಏರಿ ಏರಿ, ಊರೆಂಬ ಊರನ್ನೇ ಮುಚ್ಚಿಬಿಡುತ್ತೆ. ಅಲ್ಲಿ ಮೈ ಜುಮ್ಮೆಂದದ್ದು ಸುಳ್ಳಲ್ಲ. ಆದರೆ ಮುಚ್ಚಿಹೋದದ್ದು ಮನುಷ್ಯರ ದನಿ. ತಟ್ಟೆಯ ಮೇಲೆ ಇರುವುದು ಫೆರಾರಿಯ ಹೆಸರು.

ಒಂದು ಮಾತು ಮಾತ್ರ ಅವನ ಪರವಾಗಿ. ಫೋಟೋ ತೆಗೆದಂತೆ ಯಾರು ಬೇಕಾದರೂ ತಮ್ಮ ಸದ್ದು ತಾವೇ ಹಿಡಿಯಲಿ ಎಂಬ ಆಸೆ ಅವನಿಗಿತ್ತು. ಟೇಪ್‌ ರೆಕಾರ್ಡರು ಉಳ್ಳವರ ಕೈಲಿದ್ದ ಕಾಲ ಅದು. ಈಗ ಆ ಯಂತ್ರ ನಮ್ಮ ಜೇಬಿನಲ್ಲಿದೆ. ಕೇರಿಯ ಬೆಳಗನ್ನು ನಾವೇ ಹಿಡಿದರೆ ಏನಂತ ಹೆಸರಿಡೋದು? ಆ ರಾತ್ರಿ ಅದೇ ವಾದ ನಡೀತು. ಯಾರೂ ಒಪ್ಪಲಿಲ್ಲ. ಒಬ್ಬ ಮತ್ತೆ ಆ ಹೆಂಗಸರ ಮಾತಿನ ಜಾಗಕ್ಕೆ ಹಿಂದಕ್ಕೆ ಎಳೆದ. ಭಾಷೆ ತಿಳಿಯದು. ಆದರೂ ಎರಡು ಸಲ ಕೇಳಿದೆವು.